ಕಾಲ್ದೆಸೆಯ ಟಿವಿ

ಪುರೋಹಿತರ ಮನೆಯ ಬಾಗಿಲು ತಟ್ಟಿ ಯಾರೂ ಡ್ರಿಲ್ಲಿಂಗ್ ಮಷೀನು ಕೇಳುವುದಿಲ್ಲ. ಕಾಶಿಯ ಕೇದಾರ ಘಾಟಿನ ನಮ್ಮ ಗಲ್ಲಿಗೆ ಬರುವವರು ಕೇಳುವುದೇ ಬೇರೆ: ಕೋಣೆ ಖಾಲಿ ಇದೆಯೇ, ಬಿಸಿನೀರು ಬರುತ್ತದೆಯೇ, ಶ್ರಾದ್ಧಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅಡುಗೆಗೆ ಈರುಳ್ಳಿ ಬೀಳುತ್ತದೆಯೇ. ಆ ದಿನ ಬಾಗಿಲಲ್ಲಿ ನಿಂತಿದ್ದ ಮುದುಕರು ಮಾತ್ರ ಕಾಲು ತೊಳೆಯುವ ಮೊದಲೇ, “ತಂಗಿ, ನಿಮ್ಮ ಓಣಿಯಾಗ ಡ್ರಿಲ್ಲಿಂಗ್ ಮಷೀನ್ ಎಲ್ಲೆರ ಸಿಗ್ತದೇನು?” ಎಂದರು. ಒಲೆಯ ಮೇಲೆ ತೊವ್ವೆ ಉಕ್ಕುತ್ತಿತ್ತು, ನನಗೆ ಸಿಟ್ಟು ಬಂತು. ಇದೇನು ಪುರೋಹಿತರ ಮನೆಯೋ ಗ್ಯಾರೇಜೋ ಎಂದು ಕೇಳಬೇಕೆಂದವಳು ಸುಮ್ಮನಾದೆ. ‘ತಂಗಿ’, ‘ಓಣಿ’, ‘ಎಲ್ಲೆರ’ ಎಲ್ಲ ನನ್ನ ತವರಿನ ಕನ್ನಡ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಕಾಶಿಗೆ ಬಂದೆ. ನನ್ನ ಅತ್ತೆಮನೆಯವರು ತಲೆಮಾರುಗಳಿಂದ ಇಲ್ಲೇ ಇದ್ದು, ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸಿಕೊಂಡು ಬಂದವರು. ನಮ್ಮ ಯಜಮಾನರು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಅದರಲ್ಲಿ ಅರ್ಧ ಹಿಂದಿ. ಮಕ್ಕಳಂತೂ ‘ಅಮ್ಮಾ’ ಎಂದು ಕರೆದು ಮುಂದಿನದ್ದೆಲ್ಲ ಹಿಂದಿಯಲ್ಲೇ ಹೇಳುತ್ತಿದ್ದರು. ಹೀಗಾಗಿ ಊರ ಕಡೆಯವರು ಯಾರಾದರೂ ಬಂದು ಬಾಯಿಬಿಟ್ಟರೆ ನನ್ನ ಕಿವಿ ಸ್ವಲ್ಪ ಹೊತ್ತು ತಂಪಾಗುತ್ತಿತ್ತು. ಮುದುಕರನ್ನು ಒಳಗೆ ಕೂರಿಸಿ ಚಹಾ ಕೊಟ್ಟೆ. ನಮ್ಮ ಕಡೆಯ ರೂಢಿಯಂತೆ ಅವರನ್ನು ಕಾಕಾ ಎಂದೆ. ಅವರ ಹೆಂಡತಿ ಅಂದಿನಿಂದ ನನಗೆ ಕಾಕು ಆದರು.

ಕಾಕಾ ಹೇಳಿದ್ದು ಇಷ್ಟು. ಹುಬ್ಬಳ್ಳಿಯಲ್ಲಿ ಅವರದು ಬಸ್ಸು ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜು. ಹಿಂದಿನ ವರ್ಷ ಕಾಕುವಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮಲಗಿದಲ್ಲೇ ಆದ ಹೆಂಗಸು ಒಂದೇ ಹಟ ಹಿಡಿದರು: ಸಾಯುವುದರೊಳಗೆ ಗಂಗೆಯನ್ನು ಕಣ್ಣಿನಿಂದ ನೋಡಬೇಕು. ರೈಲಿನಲ್ಲಿ ಕರೆತರುವುದು ಆಗದ ಮಾತು. ಕಾಕಾ ಒಂದು ಹಳೆಯ ಮಿನಿಬಸ್ಸು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಅದರೊಳಗೆ ಒಂದು ಮನೆಯನ್ನೇ ಕಟ್ಟಿದರು. ಹಾಸಿಗೆ, ಒಲೆ, ನೀರಿನ ಟಾಕಿ, ಎಲ್ಲ ಅವರ ಕೈಯದೇ. ಡ್ರೈವರನ ಸೀಟಿನ ಹಿಂದೆ ಒಂದು ಅಡ್ಡಗೋಡೆ ಮಾಡಿ ಅದಕ್ಕೆ ಚಪ್ಪಟೆ ಟಿವಿಯೊಂದನ್ನು ತೂಗುಹಾಕಿದರು. ಆಗ ಗೋಡೆಗೆ ಹಾಕುವ ಟಿವಿ ಹೊಸದು, ನಮ್ಮ ಗಲ್ಲಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಕಾಕು ಇಳಿಯಲಾಗದ ಜಾಗಗಳಲ್ಲಿ ತಾವು ಇಳಿದು, ವಿಡಿಯೊ ಕ್ಯಾಮೆರಾದಲ್ಲಿ ಚಿತ್ರ ಹಿಡಿದು ತಂದು, ಮಲಗಿದಲ್ಲೇ ತೋರಿಸುವುದು ಅವರ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪಿದ್ದು ರಸ್ತೆಯಲ್ಲಿ. ಟಿವಿಯನ್ನು ಹಿಡಿದಿದ್ದ ತಗಡಿನ ಚೌಕಟ್ಟನ್ನು ಪ್ಲೈವುಡ್ಡಿಗೆ ಬರೀ ಸ್ಕ್ರೂ ಹಾಕಿ ಕೂರಿಸಿದ್ದರಂತೆ. ಮಧ್ಯಪ್ರದೇಶದ ಹಾಳು ರಸ್ತೆಯಲ್ಲಿ ಕುಲುಕಿ ಕುಲುಕಿ ಒಂದು ಕಡೆಯ ಸ್ಕ್ರೂಗಳೆಲ್ಲ ಕಿತ್ತುಬಂದು, ಟಿವಿ ಕಾಕುವಿನ ಕಾಲಿನ ಮೇಲೆ ಜೋತಾಡಿತು. ಅವರು ಕಿರುಚಿದ್ದು ಕೇಳಿ ಡ್ರೈವರ್ ಗಾಡಿ ನಿಲ್ಲಿಸಿದ. ಪ್ರಯಾಗದಲ್ಲಿ ತ್ರಿವೇಣಿಯ ಚಿತ್ರ ಹಿಡಿದು ತಂದದ್ದೂ ಆಯಿತು. ಕ್ಯಾಮೆರಾದ ಅಂಗೈಯಗಲದ ಪರದೆ ಕಾಕುವಿನ ಪೊರೆ ಬಂದ ಕಣ್ಣಿಗೆ ಕಾಣಲಿಲ್ಲ. ಡ್ರೈವರ್ ಟಿವಿಯನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತರೆ, ಮತ್ತೆ ಬೀಳುತ್ತದೆಂಬ ಹೆದರಿಕೆಗೆ ಕಾಕು ಕಣ್ಣು ಮುಚ್ಚಿದವರು ಬಿಡಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕಾಕಾ ಲೋಟದಲ್ಲಿ ಚಹಾ ಆರಿಸಿಕೊಂಡು ಕೂತರು. ಪ್ರಯಾಗ ತಪ್ಪಿತು, ಕಾಶಿ ತಪ್ಪಬಾರದು, ಅದಕ್ಕೇ ಡ್ರಿಲ್ಲಿಂಗ್ ಮಷೀನು.

ಇನ್ನೊಂದು ತೊಂದರೆಯೂ ಇತ್ತು. ಕಾಕುವನ್ನು ನೋಡಿಕೊಳ್ಳಲು ಜೊತೆಗೆ ಬಂದ ಹೆಂಗಸು ಪ್ರಯಾಗದಲ್ಲಿ ಏನು ತಿಂದಳೋ, ವಾಂತಿಭೇದಿಯಾಗಿ ಎದ್ದು ಕೂರಲಾರದ ಸ್ಥಿತಿ. ಅವಳನ್ನು ನಮ್ಮ ಮಹಡಿಯ ಕೋಣೆಯಲ್ಲಿ ಮಲಗಿಸಿ, ಡಾಕ್ಟರನ್ನು ಕರೆಸಿ, ಗಂಜಿ ಕುಡಿಸಿ, ಡಬ್ಬಿಯಲ್ಲಿ ಅನ್ನ ಸಾರು ಮೆಂತೆಹಿಟ್ಟು ತುಂಬಿಕೊಂಡು ನಾನೇ ಹೊರಟೆ. ನಮ್ಮ ಗಲ್ಲಿಗೆ ಬಸ್ಸಿರಲಿ, ಎದುರುಬದುರು ಎರಡು ಎಮ್ಮೆ ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಮಿನಿಬಸ್ಸು ನಿಂತಿದ್ದದ್ದು ಊರ ದಕ್ಷಿಣಕ್ಕಿರುವ ಲಂಕಾ ಎಂಬ ಪೇಟೆಯ ಆಚೆ, ಒಂದು ಖಾಲಿ ಜಾಗದಲ್ಲಿ. ಅಲ್ಲಿಂದ ಗಂಗೆ ಕಾಣುವ ಮಾತೇ ಇಲ್ಲ, ಕಾಣುವುದು ಕೋಚಿಂಗ್ ಕ್ಲಾಸುಗಳ ಬೋರ್ಡುಗಳು ಮಾತ್ರ.

ಒಳಗೆ ಹತ್ತಿದೊಡನೆ ನನಗೆ ಮೆಚ್ಚುಗೆಯಾಯಿತು, ಸುಳ್ಳು ಏಕೆ ಹೇಳಲಿ. ಎಲ್ಲಿ ಕೈ ಚಾಚಿದರೆ ಏನು ಬೇಕೋ ಅದು ಅಲ್ಲಿತ್ತು. ಹಾಸಿಗೆಗೆ ಎರಡೂ ಕಡೆ ಕಂಬಿ, ತಲೆಯ ಕಡೆ ಎತ್ತರ, ಪಕ್ಕದಲ್ಲಿ ಒಂದು ಕಿಟಕಿ. ಕಾಕು ತೆಳ್ಳಗೆ, ಬೆಳ್ಳಗೆ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಮಲಗಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಅರ್ಥಕ್ಕೇನೂ ಕೊರತೆಯಿರಲಿಲ್ಲ. ನನ್ನ ಮುಖ ನೋಡಿದ್ದೇ, ಯಾರ ಮಗಳು, ಯಾವ ಓಣಿ, ಎಷ್ಟು ಮಕ್ಕಳು ಎಂದು ಎಲ್ಲ ವಿಚಾರಿಸಿಕೊಂಡರು. ಆಮೇಲೆ ಮೆತ್ತಗೆ, ಇಲ್ಲಿಂದ ಗಂಗೆ ಎಷ್ಟು ದೂರ ಎಂದು ಕೇಳಿದರು.

ನನಗೆ ಸಂಕಟವಾಯಿತು. ಇಷ್ಟು ದೂರ ಬಂದವರಿಗೆ ಟಿವಿಯಲ್ಲಿ ತೋರಿಸುವುದೆಂದರೇನು? ನಮ್ಮ ಘಾಟಿನಲ್ಲಿ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸುವ ಗಟ್ಟಿ ಆಳುಗಳಿದ್ದಾರೆ, ಕಾಕುವಿಗಿಂತ ಮೂರು ಪಟ್ಟು ಭಾರದವರನ್ನು ಇಳಿಸಿದ್ದಾರೆ, ನಾಲ್ಕು ಜನರನ್ನು ಕರೆಸುತ್ತೇನೆ ಎಂದೆ. ಕಾಕಾ ಅವರ ಮುಖ ಬಿಳಿಚಿಕೊಂಡಿತು. ಬೇಡವೇ ಬೇಡ, ಆ ಕಡಿದಾದ ಮೆಟ್ಟಿಲಿನಲ್ಲಿ ಒಬ್ಬನ ಕಾಲು ಜಾರಿದರೆ ಮುಗಿಯಿತು ಎಂದರು. ನಾನು ವಾದಕ್ಕೆ ನಿಂತೆ. ಆಗ ಕಾಕು ಬಲಗೈ ಎತ್ತಿ ನನ್ನನ್ನು ತಡೆದರು.

“ಕಾಶ್ಯಾಗ ನಾಲ್ಕು ಮಂದಿ ಹೊತ್ಕೊಂಡು ಗಂಗಿಗೆ ಹೋಗೋದು ಯಾವಾಗ ಅಂತ ಗೊತ್ತದಲ್ಲ ತಂಗಿ. ಅದಕ್ಕಿನ್ನಾ ವ್ಯಾಳ್ಯಾ ಅದ.”

ನಾನು ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು. ದಿನ ಬೆಳಗಾದರೆ ನಾಲ್ಕು ಜನರ ಹೆಗಲ ಮೇಲೆ ಘಾಟಿಗೆ ಹೋಗುವವರನ್ನು ನೋಡುವವಳು ನಾನು, ನನಗೇ ಹೊಳೆದಿರಲಿಲ್ಲ. ಹೊರಿಸಿಕೊಂಡು ಹೋಗುವ ಮಾತು ಅಲ್ಲಿಗೇ ನಿಂತಿತು. ಕಾಕು ಗಂಗೆಯನ್ನು ನೋಡುವುದಿದ್ದರೆ ಇನ್ನು ಆ ಟಿವಿಯಲ್ಲೇ ನೋಡಬೇಕು. ಮರುದಿನ ಬೆಳಿಗ್ಗೆ ಘಾಟಿನಲ್ಲಿ ಪೂಜೆ, ಮಧ್ಯಾಹ್ನ ಬಸ್ಸಿನಲ್ಲಿ ಅದರ ಚಿತ್ರ, ಅದರ ಮರುದಿನ ನಸುಕಿನಲ್ಲಿ ಗಯೆಗೆ ಪ್ರಯಾಣ. ಗಯೆಯ ಶ್ರಾದ್ಧಕ್ಕೆ ತಿಥಿ ಗೊತ್ತಾಗಿತ್ತು, ಅದನ್ನು ಮುಂದೆ ಹಾಕುವಂತಿರಲಿಲ್ಲ.

ಆ ದಿನವೆಲ್ಲ ಟಿವಿಯ ಕೆಲಸವೇ. ವೆಲ್ಡಿಂಗ್ ಮಾಡಿಸೋಣವೆಂದು ಲಂಕಾದ ಅಂಗಡಿಗೆ ಹೋದರೆ ಕರೆಂಟಿಲ್ಲ. ಯಾವಾಗ ಬರುತ್ತದೆಂದರೆ, ಬಿಜಲಿ ಬಂದಾಗ ಬರುತ್ತದೆ ಎಂದು ಅಂಗಡಿಯವನು ಕಾಶಿಯ ಉತ್ತರ ಕೊಟ್ಟು ಪಾನು ಜಗಿಯುತ್ತ ಕೂತ. ಒಳ್ಳೆಯದೇ ಆಯಿತು ಎಂದರು ಕಾಕಾ. ಓಡುವ ಗಾಡಿಯಲ್ಲಿ ವೆಲ್ಡಿಂಗ್ ಬಿರುಕು ಬಿಟ್ಟರೆ ತಿಳಿಯುವುದಿಲ್ಲವಂತೆ, ಬೋಲ್ಟಾದರೆ ಸಡಿಲವಾದಾಗ ಬಿಗಿ ಮಾಡಿಕೊಳ್ಳಬಹುದಂತೆ. ನಮ್ಮವರು ಘಾಟಿನಲ್ಲಿ ದೋಣಿ ರಿಪೇರಿ ಮಾಡುವವರ ಹತ್ತಿರ ಹೋಗಿ ಕೈಯಿಂದ ತಿರುಗಿಸುವ ಡ್ರಿಲ್ಲು ಇಸಿದುಕೊಂಡು ಬಂದರು. ಮಡಿಪಂಚೆ ಉಟ್ಟುಕೊಂಡು ಡ್ರಿಲ್ಲು ಹಿಡಿದು ಸೈಕಲ್ ರಿಕ್ಷಾದಲ್ಲಿ ಕೂತ ಪುರೋಹಿತರನ್ನು ಲಂಕಾದ ಹುಡುಗರೆಲ್ಲ ತಿರುತಿರುಗಿ ನೋಡಿದರು.

ಕಾಕಾ ಕೆಲಸ ಮಾಡುವುದನ್ನು ನೋಡಬೇಕು. ಅಡ್ಡಗೋಡೆಯ ಪ್ಲೈವುಡ್ಡು ಬಿಚ್ಚಿ, ಒಳಗೆ ಬಸ್ಸಿನ ಉಕ್ಕಿನ ಪಟ್ಟಿಗಳು ಎಲ್ಲೆಲ್ಲಿ ಹಾಯ್ದಿವೆ ಎಂದು ಬೆರಳಿನಿಂದ ತಟ್ಟಿ ಗುರುತು ಹಾಕಿಕೊಂಡರು. ಎರಡು ಪಟ್ಟಿಗಳ ಮೇಲೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲ್ ಇಟ್ಟು, ಆರಪಾರ ತೂತು ಕೊರೆದು ಬೋಲ್ಟು ಹಾಕಿದರು. ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂ ಒಂದಿಷ್ಟು ಉದ್ದವಾದರೂ ಒಳಗಿನ ಪರದೆಗೆ ಚುಚ್ಚುತ್ತದೆಂದು ಒಂದೊಂದನ್ನೂ ಕಣ್ಣೆದುರು ಹಿಡಿದು ಅಳೆದರು. ಕುಲುಕಾಟ ತಡೆಯಲು ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಕಬ್ಬಿಣಕ್ಕೂ ಚೌಕಟ್ಟಿಗೂ ನಡುವೆ ಇಟ್ಟರು. ಹುಬ್ಬಳ್ಳಿಯಲ್ಲಿ ಹೊರಡುವ ಅವಸರದಲ್ಲಿ ಇದನ್ನೆಲ್ಲ ಬಿಟ್ಟಿದ್ದೆ, ಇನ್ನೊಮ್ಮೆ ಬಿಡುವುದಿಲ್ಲ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು.

ನನ್ನ ಸಿಟ್ಟು ಬೇರೆ ಕಡೆ ಏರುತ್ತಿತ್ತು. ಕಾಕುವಿಗೆ ಮೈ ಒರೆಸಿ ಸೀರೆ ಬದಲಿಸಬೇಕು, ಒಬ್ಬಳಿಗೇ ಆಗದು. ಕಾಕಾ, ಸ್ವಲ್ಪ ಭುಜ ಹಿಡಿಯಿರಿ ಎಂದರೆ ಟೈರು ನೋಡಿ ಬರುತ್ತೇನೆಂದು ಇಳಿದುಹೋದರು. ಊಟ ಮಾಡಿಸುವಾಗ ತಲೆ ಎತ್ತಿ ಹಿಡಿಯಿರಿ ಎಂದರೆ ಟಾಕಿಯ ನೀರು ಎಷ್ಟಿದೆ ನೋಡುತ್ತೇನೆಂದರು. ದಿಂಬು ಸರಿಸಲು ಕರೆದರೆ ಡ್ರೈವರನ್ನು ಹುಡುಕಿಕೊಂಡು ಹೋದರು. ಕಾಕು ಮಾತ್ರ ಇದೆಲ್ಲ ಮಾಮೂಲು ಎಂಬಂತೆ ಅನ್ನ ನುಂಗುತ್ತಿದ್ದರು.

“ಅವರಿಗೆ ನಟ್ಟು ಬೋಲ್ಟ್ ಇದ್ದದ್ದಷ್ಟೇ ಹಿಡಿಲಿಕ್ಕೆ ಬರ್ತದ ತಂಗಿ,” ಎಂದರು. “ನನ್ನ ಮೈಯಾಗ ಎಲ್ಲ್ಯೂ ನಟ್ಟಿಲ್ಲ.”

ಅವರು ಚೇಷ್ಟೆಗೆ ಹೇಳಿದ್ದು. ನನಗೆ ಮಾತ್ರ ತಡೆಯಲಾಗಲಿಲ್ಲ. ಕೈ ತೊಳೆಯುವ ನೆವದಲ್ಲಿ ಕೆಳಗಿಳಿದವಳು, ಬಸ್ಸಿನ ನೆರಳಿನಲ್ಲಿ ಕೂತು ರಬ್ಬರು ಕತ್ತರಿಸುತ್ತಿದ್ದ ಕಾಕಾ ಅವರ ಮುಂದೆ ನಿಂತು ಬಾಯಿಗೆ ಬಂದದ್ದು ಅಂದೆ. ಹೆಂಡತಿಗಾಗಿ ಮನೆ ಕಟ್ಟಿದರಂತೆ, ಟಿವಿ ಹಾಕಿದರಂತೆ, ಒಂದು ತುತ್ತು ಉಣ್ಣಿಸಲು ಮಾತ್ರ ಕೈ ಬರುವುದಿಲ್ಲವೇ? ಮುಟ್ಟಿದರೆ ಮೈಲಿಗೆಯೇ? ದುಡ್ಡು ಕೊಟ್ಟು ತಂದ ಹೆಂಗಸು ಮಲಗಿದರೆ ನಿಮ್ಮ ಹೆಂಡತಿಯೂ ಉಪವಾಸ ಮಲಗಬೇಕೇ? ಅಪ್ಪನ ವಯಸ್ಸಿನವರಿಗೆ ಹೀಗೆ ಅನ್ನಬಾರದಿತ್ತು ಎಂದು ನಮ್ಮವರು ಆಮೇಲೆ ಹೇಳಿದರು. ನನಗಿನ್ನೂ ಹಾಗೆ ಅನ್ನಿಸಿಲ್ಲ.

ಕಾಕಾ ಕತ್ತರಿ ಕೆಳಗಿಟ್ಟು ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಲಕ್ವಾ ಹೊಡೆದ ದಿನ ಕಾಕು ಅಡುಗೆಮನೆಯಲ್ಲಿ ಬಿದ್ದಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಗಾಬರಿಯಲ್ಲಿ ಎಡಗೈ ಹಿಡಿದು ಜಗ್ಗಿ ಎತ್ತಲು ಹೋದರು. ಸತ್ವವಿಲ್ಲದ ತೋಳು, ಭುಜ ಕೀಲಿನಿಂದ ಕಳಚಿತು. ಕಾಕು ಕೂಗಿದ ಕೂಗು ಓಣಿಗೆಲ್ಲ ಕೇಳಿಸಿತು. ಭುಜ ಕೂರಿಸಿದ್ದು ಆಯಿತು, ಕಾಕು ಆ ಮಾತನ್ನು ಎಂದೂ ಎತ್ತಿಲ್ಲ, ಆದರೆ ಅಂದಿನಿಂದ ಕಾಕಾ ಹೆಂಡತಿಯ ಮೈಗೆ ಕೈ ಹಚ್ಚಿಲ್ಲ.

“ಕಬ್ಬಿಣ ಆದ್ರ ಎಷ್ಟು ಜಗ್ಗಬೇಕು ಅಂತ ನನ್ನ ಕೈಗೆ ಗೊತ್ತದ ತಂಗಿ. ಆಕಿ ಮೈ ಹಿಡಿಲಿಕ್ಕೆ ಅಂಜಿಕಿ ಬರ್ತದ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಪಾಪ ಅನ್ನಿಸಿತು. ಸಿಟ್ಟು ಮಾಡಲು ಇನ್ನು ಯಾರೂ ಉಳಿಯಲಿಲ್ಲವಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಟಿವಿ ಗೋಡೆಗೆ ಕೂತಿತು. ಕಾಕಾ ಅದಕ್ಕೆ ಎರಡೂ ಕೈ ಹಾಕಿ ಜೋತುಬಿದ್ದು ನೋಡಿದರು. ಬಸ್ಸೇ ಅಲುಗಿತು, ಟಿವಿ ಅಲುಗಲಿಲ್ಲ. ಕಾಕು ಮಲಗಿದಲ್ಲಿಂದಲೇ, ಆಯಿತಲ್ಲ, ಇನ್ನು ಇಳಿಯಿರಿ ಎಂದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮವರು ಬಸ್ಸಿನಲ್ಲೇ ಸಂಕಲ್ಪ ಮಾಡಿಸಿದರು. ದಂಪತಿ ಸೇರಿ ಮಾಡುವ ಕರ್ಮಕ್ಕೆ ಸಂಕಲ್ಪದ ಹೊತ್ತಿನಲ್ಲಿ ಹೆಂಡತಿ ಗಂಡನನ್ನು ಮುಟ್ಟಿಕೊಂಡಿರಬೇಕು, ದರ್ಭೆಯಿಂದ ತಾಗಿಸಿದರೂ ಆಗುತ್ತದೆ. ಕಾಕಾ ಹಾಸಿಗೆಯಿಂದ ದೂರವೇ ನಿಂತು ಬಲತೋಳನ್ನು ಚಾಚಿದರು. ಕಾಕು ಬಲಗೈಯಲ್ಲಿ ದರ್ಭೆ ಹಿಡಿದು ಅದರ ತುದಿಯನ್ನು ತೋಳಿಗೆ ತಾಗಿಸಿದರು. ಹುಲ್ಲುಕಡ್ಡಿಯಿಂದಾದರೂ ಮುಟ್ಟಿಸಿಕೊಂಡಿರಲ್ಲ, ಅಷ್ಟೇ ಪುಣ್ಯ ಎಂದು ಚುಚ್ಚಿದರು. ನಮ್ಮವರು ಮಂತ್ರದ ನಡುವೆಯೇ ನಕ್ಕರು. ಕಾಕಾ ನಗಲಿಲ್ಲ.

ಅಲ್ಲಿಂದ ನಾವು ಘಾಟಿಗೆ ಬಂದೆವು. ಡ್ರೈವರನನ್ನು ಕಾಕುವಿನ ಕಾವಲಿಗೆ ಬಿಟ್ಟಿದ್ದೆವು. ಚಿತ್ರ ಹಿಡಿಯುವ ಕೆಲಸ ನನ್ನ ತಲೆಗೆ ಬಂತು. ಜನ್ಮದಲ್ಲಿ ವಿಡಿಯೊ ಕ್ಯಾಮೆರಾ ಮುಟ್ಟಿದವಳಲ್ಲ. ಕಾಕಾ ಗುಂಡಿ ತೋರಿಸಿ ನೀರಿಗಿಳಿದರು. ಅವರು ಮೂರು ಸಲ ಮುಳುಗಿದ್ದು, ಒಂದು ಮುಳುಗು ಕಾಕುವಿನ ಹೆಸರಿನಲ್ಲಿ ಹಾಕಿದ್ದು, ನಮ್ಮವರು ಮೆಟ್ಟಿಲ ಮೇಲೆ ಮರಳಿನ ಲಿಂಗ ಮಾಡಿ ಪೂಜೆ ಮಾಡಿಸಿದ್ದು, ದೀಪ ತೇಲಿಬಿಟ್ಟದ್ದು, ಎಲ್ಲ ಹಿಡಿದೆ. ಸರಿಯಾಗಿ ದೀಪ ಬಿಡುವಾಗ ದೋಣಿಯವನೊಬ್ಬ ಎದುರಿಗೆ ಬಂದು ನಿಂತು ಆಚೆ ದಡಕ್ಕೆ ಹೋಗೋಣವೇ ಎಂದು ಪೀಡಿಸಿದ. ಅವನನ್ನು ಹಿಂದಿಯಲ್ಲಿ ಚೆನ್ನಾಗಿ ಝಾಡಿಸಿದೆ. ಕ್ಯಾಮೆರಾ ಮಾತನ್ನೂ ಹಿಡಿಯುತ್ತದೆಂದು ನನಗೇನು ಗೊತ್ತು. ಕೊನೆಗೆ ಕಾಕಾ ಹೇಳಿದಂತೆ ಬರೀ ನದಿಯನ್ನೇ ಬಹಳ ಹೊತ್ತು ಹಿಡಿದೆ. ಕೈ ನೋಯುತ್ತಿತ್ತು, ಆದರೂ ಕಾಕುವಿನ ಕಣ್ಣಿಗೆ ಬದಲಾಗಿ ನಿಂತಿದ್ದೇನೆಂದು ಬಿಡಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ನಾವು ಮತ್ತೆ ಬಸ್ಸಿಗೆ ಹೋದೆವು. ಡ್ರೈವರ್ ಊಟಕ್ಕೆಂದು ಲಂಕಾಕ್ಕೆ ಹೋದ. ನಾನು ಕಾಕುವಿಗೆ ತಲೆ ಬಾಚಿ, ಮುಡಿಗೆ ಹೂ ಮುಡಿಸಿ, ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟೆ. ಕಾಕಾ ಕ್ಯಾಮೆರಾದ ವೈರು ಟಿವಿಗೆ ಸಿಕ್ಕಿಸಿ ಚಾಲೂ ಮಾಡಿದರು. ಮೊದಲು ಬಂದದ್ದು ನನ್ನ ಕಾಲಿನ ಹೆಬ್ಬೆರಳು. ಕಾಕು ನಕ್ಕರು. ಆಮೇಲೆ ಕಾಕಾ ಮುಳುಗಿ ಎದ್ದು ಮೂಗು ಹಿಡಿದುಕೊಂಡದ್ದು ಬಂತು, ಇನ್ನೂ ನಕ್ಕರು. ದೋಣಿಯವನಿಗೆ ನಾನು ಬೈದದ್ದು ಬಂದಾಗಲಂತೂ ದಿಂಬಿನ ಮೇಲೆ ತಲೆ ಹೊರಳಿಸಿ ನಕ್ಕರು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಅಷ್ಟರಲ್ಲಿ ಪರದೆಯ ತುಂಬ ಮರಳಿನ ಲಿಂಗ ಬಂತು, ಅದರ ಹಿಂದೆ ಗಂಗೆ.

ಕಾಕು ಬಲಗೈಯನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಗಡಬಡಿಸಿ ಬಲಗಾಲನ್ನು ಮಡಚಿ ಹೊಟ್ಟೆಯ ಕಡೆ ಎಳೆದುಕೊಂಡರು. ಎಡಗಾಲು ಹಾಗೇ ಚಾಚಿಕೊಂಡು ಬಿದ್ದಿತ್ತು. ಅದನ್ನೂ ಎಳೆದುಕೊಳ್ಳಲು ಸೊಂಟವನ್ನೇ ಹೊರಳಿಸಲು ನೋಡಿದರು, ಬಲಗೈಯಿಂದ ತೊಡೆಯ ಮೇಲಿನ ಸೀರೆ ಹಿಡಿದು ಜಗ್ಗಿದರು. ಕಾಲು ಬರಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿ, “ಬಂದ್ ಮಾಡ್ರಿ. ನನಗ ಬ್ಯಾಡ,” ಎಂದು ಅಳತೊಡಗಿದರು.

ಕಾಕಾ ಹಾರಿಬಿದ್ದು ಟಿವಿಯ ಹತ್ತಿರ ಓಡಿದರು. ಅದನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ, ನೋಡು, ಬೀಳುವುದಿಲ್ಲ, ಬಸ್ಸು ಮಗುಚಿದರೂ ಇದು ಬೀಳುವುದಿಲ್ಲ ಎಂದು ಅಂಗಲಾಚಿದರು. ನನಗೆ ಆಗ ಹೊಳೆಯಿತು. ಹೊಳೆದೊಡನೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳುವಂತಾಯಿತು. ನದಿಯ ಕಡೆ ಕಾಲು ಚಾಚಿ ಕೂರಬೇಡಿ ಎಂದು ಘಾಟಿನಲ್ಲಿ ದಿನವೂ ಜನರಿಗೆ ಹೇಳುವವರು ನಮ್ಮ ಯಜಮಾನರು. ದೇವರ ಪಟದ ಕಡೆ ಕಾಲು ಮಾಡಿ ಮಲಗಿದರೆ ಮಕ್ಕಳ ತೊಡೆ ಚಿವುಟುವವಳು ನಾನು. ಕಾಕಾ ಅಂತೂ ಪೂಜೆಯಿಲ್ಲದೆ ನೀರು ಕುಡಿಯದವರು. ಇಷ್ಟು ಜನ ಸೇರಿ, ಒಂದು ದಿನವೆಲ್ಲ ಕೂತು, ಗಂಗೆಯನ್ನೂ ಲಿಂಗವನ್ನೂ ತಂದು ಆ ಹೆಂಗಸಿನ ಕಾಲ್ದೆಸೆಗೆ ಬೋಲ್ಟು ಹಾಕಿ ಬಿಗಿದಿದ್ದೆವು.

“ಟಿವಿ ಮಾತಲ್ಲ ಕಾಕಾ ಅದು. ಅವರ ಕಾಲು ನೋಡ್ರಿ,” ಎಂದೆ.

ಕಾಕಾ ನೋಡಿದರು. ಟಿವಿಯ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. ನಮ್ಮವರು ಗಂಟಲು ಸರಿಮಾಡಿಕೊಂಡು, ರೋಗಿಗೆ ನೇಮವಿಲ್ಲ ಎಂದು ಶಾಸ್ತ್ರವೇ ಹೇಳುತ್ತದೆ, ಏನೂ ದೋಷವಿಲ್ಲ, ಚಿಂತಾ ಮಾಡಬೇಡಿ ಎಂದರು. ಶಾಸ್ತ್ರ ನಿಮಗೆ ಗೊತ್ತು, ನನ್ನ ಕಾಲು ನನಗೆ ಗೊತ್ತು ಎಂದರು ಕಾಕು. ನಾನು ಶಾಲು ತಂದು ಕಾಲು ಮುಚ್ಚುತ್ತೇನೆಂದೆ. ಮುಚ್ಚಿದರೆ ಕಾಲು ಇಲ್ಲದಂತಾಗುತ್ತದೆಯೇ ಎಂದು ಕೇಳಿದರು. ತಿರುಗಿಸಿ ಮಲಗಿಸೋಣವೆಂದರೆ ಹಾಸಿಗೆಯ ಎತ್ತರ ಇಳಿಜಾರೆಲ್ಲ ಒಂದೇ ಕಡೆಗೆ ಕಟ್ಟಿದ್ದು, ಅಲ್ಲದೆ ಆಗ ಟಿವಿ ತಲೆಯ ಹಿಂದೆ ಹೋಗುತ್ತದೆ, ಕಾಣುವುದಿಲ್ಲ. ತೊದಲು ಮಾತಿನಲ್ಲಿ ಕಾಕು ಒಂದೇ ಸಮನೆ ಹೇಳುತ್ತಿದ್ದರು, ಗಂಗವ್ವನ ಮುಖಕ್ಕೆ ಕಾಲು ತೋರಿಸಲು ಇಷ್ಟು ದೂರ ಬರಬೇಕಿತ್ತೇ ಎಂದು.

ಕಾಕಾ ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡರು. ಟಿವಿಯನ್ನು ಎಲ್ಲಿಗೆ ಬದಲಿಸುವುದೆಂದು ಬಸ್ಸಿನ ಸುತ್ತ ಕಣ್ಣಾಡಿಸಿದರು. ಪಕ್ಕದಲ್ಲಿ ಕಿಟಕಿ, ಅದರ ಸುತ್ತ ಬರೀ ತೆಳು ತಗಡು, ಭಾರ ಹಿಡಿಯುವುದಿಲ್ಲ. ಮೇಲೆ ಚಾವಣಿ ಇದೆ, ಅಲ್ಲಿ ಹಾಕಿದರೆ ನೇರ ಕಾಕುವಿನ ಎದೆಯ ಮೇಲೆ. ಅದನ್ನು ಅವರು ಯೋಚಿಸಲೂ ಇಲ್ಲ. ಬೆಳಗಾದರೆ ಹೊರಡಬೇಕು. ನಾನು ಮನಸ್ಸಿನಲ್ಲೇ, ಮುಗಿಯಿತು, ಪ್ರಯಾಗದ ಹಾಗೆ ಕಾಶಿಯೂ ಹೋಯಿತು ಅಂದುಕೊಂಡೆ. ನನಗೆ ಕಾಕುವಿನ ಮುಖ ನೋಡಲಾಗಲಿಲ್ಲ. ನಮ್ಮವರು ಕ್ಯಾಮೆರಾ ನಿಲ್ಲಿಸಿದರು.

ಕಾಕಾ ಪಾನಾ ಕೆಳಗಿಟ್ಟರು. ಪಂಚೆ ಎತ್ತಿ ಕಟ್ಟಿ, ಹಾಸಿಗೆಯ ಕಾಲ್ದೆಸೆಯಲ್ಲಿ ಹತ್ತಿ, ಟಿವಿಯ ಕೆಳಗೆ ಅಡ್ಡಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ಆಮೇಲೆ ನನ್ನ ಕಡೆ ನೋಡಿದರು.

“ತಂಗಿ, ಈ ಕಾಲು ಹ್ಯಾಂಗ ಎತ್ತಬೇಕು, ತೋರಸು.”

ಒಂದು ಕೈ ಮೊಣಕಾಲಿನ ಕೆಳಗೆ, ಒಂದು ಕೈ ಹಿಮ್ಮಡಿಯ ಕೆಳಗೆ, ಜಗ್ಗಬಾರದು, ಎರಡೂ ಕೈಯಲ್ಲಿ ಒಟ್ಟಿಗೇ ಎತ್ತಬೇಕು ಎಂದು ತೋರಿಸಿಕೊಟ್ಟೆ. ಅವರು ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು. ಎಡಗಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮಡಚಿದ್ದ ಬಲಗಾಲನ್ನೂ ಚಾಚು ಎಂದರು.

ಕಾಕು ಅಳು ನಿಲ್ಲಿಸಿ ಹೌಹಾರಿದರು. “ಅಯ್ಯ, ನೀವ್ಯಾಕ ಅಲ್ಲಿ ಕೂತ್ರಿ? ಗಂಡಗ ಕಾಲು ಚಾಚಿ ಯಾವ ನರಕಕ್ಕ ಹೋಗ್ಲಿ ನಾ?”

“ನನ್ನ ಬಿಟ್ಟು ನೀ ಯಾವ ನರಕಕ್ಕೂ ಹೋಗಂಗಿಲ್ಲ,” ಎಂದರು ಕಾಕಾ. “ನಿನ್ನ ಕಾಲು ಈಗ ನನ್ನ ಕಡೆ ಅವ, ಗಂಗಿ ಕಡೆ ಅಲ್ಲ. ನೀ ನೋಡು.”

ಕಾಕು ನಮ್ಮವರ ಕಡೆ ನೋಡಿದರು. ನಮ್ಮವರು ಈ ಸಲ ಶಾಸ್ತ್ರ ಹೇಳಲಿಲ್ಲ, ಹೌದು ಎಂದು ತಲೆಯಾಡಿಸಿ ಕ್ಯಾಮೆರಾ ಮತ್ತೆ ಚಾಲೂ ಮಾಡಿದರು. ಲಿಂಗ ಬಂತು, ಹೂ ಬಂತು, ದೀಪ ಬಂತು. ಬಲಗಾಲು ಮೆಲ್ಲಮೆಲ್ಲಗೆ ಬಿಚ್ಚಿಕೊಂಡು, ಸಂಕೋಚದಿಂದ ಒಂದು ಸಲ ನಿಂತು, ಕೊನೆಗೆ ಕಾಕಾ ಅವರ ತೊಡೆಯ ಮೇಲೆ ಬಂದು ಕೂತಿತು. ಕಾಕು ಬಲಗೈಯನ್ನು ಹಣೆಗೆ ಇಟ್ಟುಕೊಂಡವರು ಇಳಿಸಲಿಲ್ಲ. ನಾನು ಕೈ ನೋಯಿಸಿಕೊಂಡು ಹಿಡಿದ ಬರೀ ನದಿ ಪರದೆಯ ತುಂಬ ಹರಿಯುತ್ತಿತ್ತು. ಕಾಕಾ ಅವರಿಗೆ ಅದು ಕಾಣುವಂತಿರಲಿಲ್ಲ, ಅವರು ಬೆನ್ನು ಮಾಡಿ ಕೂತಿದ್ದರು. ತಲೆ ತಗ್ಗಿಸಿ, ತೊಡೆಯ ಮೇಲಿದ್ದ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರೂ ಬಿಡದೆ ಅದನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ, ನೋವಾಗುತ್ತಿದೆಯೇ ಎಂದು ಕೇಳಿದರು.

ಕಾಕು ನದಿಯಿಂದ ಕಣ್ಣು ತೆಗೆಯಲಿಲ್ಲ.

“ಆ ಕಾಲಿಗೆ ಏನೂ ತಿಳಿಯಂಗಿಲ್ರೀ,” ಎಂದರು. “ಈ ಕಾಲು ಹಿಡೀರಿ.”

ಕಾಕಾ ಎಡಗಾಲನ್ನು ತೊಡೆಯ ಮೇಲೆಯೇ ಮೆಲ್ಲಗೆ ಒರಗಿಸಿ, ಬಲಗಾಲಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.